ಬೋರಿನ ಬುಡದಲ್ಲಿ ಎಣ್ಣೆ



ಹಳೆಯ ಬುಲೆಟ್ ಮೋಟಾರ್‌ಸೈಕಲ್ ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಬುಲೆಟ್ ಅಂದಮೇಲೆ ಎಣ್ಣೆ ಸೋರಲೇಬೇಕು, ಸೋರುವುದು ನಿಂತರೆ ಒಳಗೆ ಎಣ್ಣೆ ಖಾಲಿಯಾಗಿದೆ ಅಂತ ಅರ್ಥ.’ ಗಾಡಿಯ ಮೇಲಿನ ಅಕ್ಕರೆಯಿಂದ ಹುಟ್ಟಿದ ಮಾತು ಇದು, ನನಗೆ ಗೊತ್ತು. ಆದರೂ ಇದನ್ನು ನಾನು ಒಪ್ಪುವುದಿಲ್ಲ. ಈ ಮಾತಿನ ಮರೆಯಲ್ಲಿ ಎಷ್ಟೋ ಒಳ್ಳೆಯ ಎಂಜಿನ್‌ಗಳು ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ನರಳಿವೆ. ಸರಿಯಾಗಿ ಜೋಡಿಸಿದ ಹಳೆಯ ಬುಲೆಟ್ ಎಂಜಿನ್ ಒಣಗಿದ ಬುಡದಲ್ಲೇ ನಿಲ್ಲಬಲ್ಲದು. ಎಣ್ಣೆ ಹೊರಗೆ ಬಂದಿದೆ ಎಂದರೆ ಒಳಗಿನ ಯಾವುದೋ ತೊಂದರೆಯನ್ನು ಎಂಜಿನ್ ನಮಗೆ ತೋರಿಸುತ್ತಿದೆ ಎಂದೇ ತಿಳಿಯಬೇಕು.

ಈ ಹೊತ್ತು ಆ ಸೋರಿಕೆಗಳಲ್ಲೇ ಬಹಳ ಹಟಮಾರಿಯಾದ ಒಂದನ್ನು ಎತ್ತಿಕೊಳ್ಳುತ್ತೇನೆ. ಸಿಲಿಂಡರ್ ಬ್ಲಾಕು ಎಂಜಿನ್ ಕೇಸಿನ ಮೇಲೆ ಕೂರುವ ಜಾಗದಲ್ಲಿ, ಅಂದರೆ ಗ್ಯಾರೇಜಿನವರು ಬೋರ್ ಪ್ಯಾಕಿಂಗ್ ಎನ್ನುವ ಕಾಗದದ ಗ್ಯಾಸ್ಕೆಟ್ ಇರುವ ಸಂದಿನಲ್ಲಿ, ಜಿನುಗುವ ಎಣ್ಣೆ ಇದು.

ನಾನು ಹೇಳುತ್ತಿರುವುದು ಎರಕದ ಕಬ್ಬಿಣದ ಬ್ಲಾಕ್ ಇರುವ ಹಳೆಯ 350 ಸಿ.ಸಿ. ಬುಲೆಟ್ ವಿಚಾರ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ ಎಂಜಿನ್ ಅದು. 1955ರಲ್ಲಿ ಮದ್ರಾಸ್ ಮೋಟಾರ್ಸ್‌ನವರು ರೆಡ್ಡಿಚ್ ಕಂಪನಿಯ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದರು. ಮುಂದೆ ಇಂಗ್ಲೆಂಡಿನ ಮೂಲ ಕಂಪನಿಯೇ ಮುಚ್ಚಿಹೋದರೂ ಮದ್ರಾಸಿನ ತಿರುವೊತ್ತಿಯೂರಿನಲ್ಲಿ ಅದೇ ಎಂಜಿನ್, ಹೆಚ್ಚು ಬದಲಾವಣೆಯಿಲ್ಲದೆ, ದಶಕಗಳ ಕಾಲ ತಯಾರಾಗುತ್ತಲೇ ಇತ್ತು. ಹಾಗಾಗಿಯೇ ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ, ಬಯಲುಸೀಮೆಯ ಸಣ್ಣ ಊರುಗಳಲ್ಲಿ ಇವತ್ತಿಗೂ ಆ ಗಾಡಿಗಳು ಓಡುತ್ತಿವೆ. ಅವನ್ನು ಬಿಚ್ಚಿ ಕೂಡಿಸಬಲ್ಲ ಕೈಗಳೂ ಉಳಿದಿವೆ.

ಒಳಗಿನ ರಚನೆ ಕಣ್ಣ ಮುಂದೆ ಬಂದರೆ ಮುಂದಿನದೆಲ್ಲ ಸುಲಭ. ಕೆಳಗೆ ಅಲ್ಯೂಮಿನಿಯಮ್ಮಿನ ಎಂಜಿನ್ ಕೇಸು. ಅದು ಒಂದೇ ತುಂಡಲ್ಲ. ಎಡದ ಹೋಳು, ಬಲದ ಹೋಳು, ಎರಡನ್ನೂ ನಟ್ಟು ಬೋಲ್ಟಿನಲ್ಲಿ ಕೂಡಿಸಿರುತ್ತಾರೆ. ಅವುಗಳ ನಡುವೆ ಕ್ರ್ಯಾಂಕು ತಿರುಗುತ್ತದೆ. ಕೇಸಿನ ಬಾಯಿಯ ಮೇಲೆ ಕಬ್ಬಿಣದ ಬ್ಲಾಕು ಕೂರುತ್ತದೆ, ಬ್ಲಾಕಿನ ಮೇಲೆ ಅಲ್ಯೂಮಿನಿಯಮ್ ಹೆಡ್ಡು. ಕೇಸಿನಿಂದ ಎದ್ದ ಉದ್ದನೆಯ ಸ್ಟಡ್‌ಗಳು ಬ್ಲಾಕನ್ನೂ ಹೆಡ್ಡನ್ನೂ ಒಟ್ಟಿಗೆ ಕೆಳಕ್ಕೆ ಬಿಗಿಹಿಡಿಯುತ್ತವೆ. ಬ್ಲಾಕಿನ ಬಲಬದಿಯಲ್ಲಿ ಪುಶ್‌ರಾಡ್‌ಗಳು ಓಡಾಡುವ ಸುರಂಗವಿದೆ. ಹೆಡ್ಡಿಗೆ ಹೋದ ಎಣ್ಣೆ ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಆ ಸುರಂಗದ ಬುಡದಲ್ಲಿ ಟ್ಯಾಪೆಟ್ ಹೊಂದಿಸಲು ಒಂದು ಸಣ್ಣ ಬಾಗಿಲು. ಅದಕ್ಕೂ ಒಂದು ಪ್ಯಾಕಿಂಗು.

ಈಗ ಬುಡದಲ್ಲಿ ಎಣ್ಣೆ ಕಾಣಿಸಿತು ಎನ್ನಿ. ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ‘ಬೋರ್ ಪ್ಯಾಕಿಂಗ್ ಹೋಗಿದೆ, ಇಳಿಸಬೇಕು’ ಎಂದು ತೀರ್ಮಾನವಾಗುತ್ತದೆ. ಹೆಡ್ಡು ಕಳಚುತ್ತಾರೆ, ಬ್ಲಾಕು ಎತ್ತುತ್ತಾರೆ, ಹೊಸ ಪ್ಯಾಕಿಂಗು ಹಾಕಿ ಕೂಡಿಸುತ್ತಾರೆ. ಒಂದು ತಿಂಗಳಲ್ಲಿ ಎಣ್ಣೆ ಮತ್ತೆ ಅಲ್ಲೇ. ಗಿರಾಕಿಗೆ ಬೇಸರ, ಮೆಕ್ಯಾನಿಕ್ಕಿಗೆ ಕೆಟ್ಟ ಹೆಸರು. ಹೊಸ ಪ್ಯಾಕಿಂಗಿನ ತಪ್ಪೇನೂ ಇರುವುದಿಲ್ಲ. ಎಣ್ಣೆ ಮೊದಲಿನಿಂದಲೂ ಬೇರೆ ಕಡೆಯಿಂದ ಬರುತ್ತಿತ್ತು, ಇಲ್ಲವೇ ಅದನ್ನು ಹೊರಗೆ ತಳ್ಳುತ್ತಿದ್ದ ಕಾರಣವನ್ನು ಯಾರೂ ಮುಟ್ಟಿರಲಿಲ್ಲ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಎಣ್ಣೆಯ ಹಾದಿ ಹಿಡಿಯಬೇಕು. ಓಡುವ ಗಾಡಿಯಲ್ಲಿ ಎಣ್ಣೆಯನ್ನು ಎರಡು ಶಕ್ತಿಗಳು ಸಾಗಿಸುತ್ತವೆ: ಭಾರ ಕೆಳಕ್ಕೆ ಎಳೆಯುತ್ತದೆ, ಎದುರುಗಾಳಿ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಎಣ್ಣೆಯ ಮೂಲ ಯಾವತ್ತೂ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು. ಅದು ಒಂದು ಫಿನ್ನಿನಿಂದ ಇನ್ನೊಂದು ಫಿನ್ನಿಗೆ ಇಳಿಯುತ್ತಾ ಬಂದು ಬ್ಲಾಕಿನ ಬುಡದ ಅಂಚಿನಲ್ಲಿ ನಿಂತು, ಅಲ್ಲಿ ಧೂಳು ಸೇರಿಸಿಕೊಂಡು ಕಪ್ಪು ಜಿಡ್ಡಾಗುತ್ತದೆ. ನೋಡಿದವರಿಗೆ ಬುಡವೇ ಸೋರುತ್ತಿದೆ ಅನ್ನಿಸುವುದು ಸಹಜ.

ಹೀಗೆ ಬುಡದ ಮೇಲೆ ಸುಳ್ಳು ಆರೋಪ ಹೊರಿಸುವವರು ಯಾರೆಂದು ಹೇಳುತ್ತೇನೆ. ಮೊದಲನೆಯದು ಆ ಟ್ಯಾಪೆಟ್ ಬಾಗಿಲು. ನಡುವೆ ಒಂದೇ ನಟ್ಟಿನಿಂದ ಬಿಗಿಯುವ ಮುಚ್ಚಳ ಅದು. ಸೋರುತ್ತಿದೆ ಎಂದು ಆ ನಟ್ಟನ್ನು ಇನ್ನೂ ಬಿಗಿದರೆ ಮುಚ್ಚಳದ ನಡುಭಾಗ ಒಳಕ್ಕೆ ಬಾಗಿ ಅಂಚುಗಳು ಎದ್ದುಕೊಳ್ಳುತ್ತವೆ, ಸೋರಿಕೆ ಹೆಚ್ಚುತ್ತದೆ. ಬಾಗಿಲು ಇರುವುದು ಬುಡದ ಸಂದಿನ ಸ್ವಲ್ಪವೇ ಮೇಲೆ. ಅಲ್ಲಿ ಜಿನುಗಿದ ಎಣ್ಣೆಗೂ ಬೋರ್ ಪ್ಯಾಕಿಂಗಿನಿಂದ ಬಂದ ಎಣ್ಣೆಗೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಎರಡನೆಯದು ಹೆಡ್ಡಿನ ರಾಕರ್‌ಗಳಿಗೆ ಎಣ್ಣೆ ಕೊಂಡೊಯ್ಯುವ ಹೊರಗಿನ ಪೈಪು. ಅದರ ತುದಿಗಳಲ್ಲಿರುವ ಟೊಳ್ಳು ಬೋಲ್ಟುಗಳ ಕೆಳಗಿನ ವಾಷರುಗಳು ಗಡುಸಾದರೆ ಅಲ್ಲಿಂದ ಒಸರುತ್ತದೆ. ತಾಮ್ರದ ವಾಷರಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಇದು ಹಳಬರ ಒಳ್ಳೆಯ ವಿದ್ಯೆ. ರಾಕರ್ ಮುಚ್ಚಳದ ಪ್ಯಾಕಿಂಗೂ ಈ ಸಾಲಿಗೇ ಸೇರುತ್ತದೆ.

ನಿಜ ಕಂಡುಹಿಡಿಯಲು ದುಬಾರಿ ಉಪಕರಣವೇನೂ ಬೇಡ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಬ್ರಷ್ ಅದ್ದಿ ಫಿನ್ನುಗಳ ನಡುವಿನ ಜಿಡ್ಡನ್ನೆಲ್ಲ ತೆಗೆಯಿರಿ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಒಣಗಿದ ಮೇಲೆ ಬ್ಲಾಕಿನ ಸುತ್ತ, ಟ್ಯಾಪೆಟ್ ಬಾಗಿಲ ಮೇಲೆ, ಪೈಪಿನ ತುದಿಗಳ ಮೇಲೆ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ತೆಳ್ಳಗೆ ಉದುರಿಸಿ. ನಾಲ್ಕಾರು ಕಿಲೋಮೀಟರ್ ಓಡಿಸಿ ಬಂದು ಟಾರ್ಚು ಹಿಡಿದು ನೋಡಿ. ಬಿಳಿಯ ಪುಡಿಯಲ್ಲಿ ಎಣ್ಣೆ ಎಲ್ಲಿ ಮೊದಲು ಕಪ್ಪು ಗೆರೆ ಎಳೆದಿದೆಯೋ ಅದೇ ಮೂಲ. ಒಮ್ಮೆಗೇ ಗೊತ್ತಾಗದಿದ್ದರೆ ಮತ್ತೆ ತೊಳೆದು ಇನ್ನೊಂದು ಸಲ ಮಾಡಿ. ಬ್ಲಾಕು ಇಳಿಸುವ ಶ್ರಮಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಪರೀಕ್ಷೆಯಾಯಿತು, ಎಣ್ಣೆ ನಿಜವಾಗಿಯೂ ಬುಡದ ಸಂದಿನಿಂದಲೇ ಬರುತ್ತಿದೆ ಎಂದು ಖಾತ್ರಿಯಾಯಿತು ಅಂದುಕೊಳ್ಳಿ. ಆಗಲೂ ಕೂಡಲೇ ಬಿಚ್ಚಬೇಡಿ. ಈ ಭಾಷಣದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿಂದ ಶುರು: ಎಂಜಿನ್ನಿನ ಉಸಿರು.

ಈ ಎಂಜಿನ್ನಿನ ಬೋರು 70 ಮಿಲಿಮೀಟರ್, ಸ್ಟ್ರೋಕು 90 ಮಿಲಿಮೀಟರ್. ಲೆಕ್ಕ ಹಾಕಿದರೆ 346 ಸಿ.ಸಿ. ಪಿಸ್ಟನ್ ಮೇಲಿಂದ ಕೆಳಗೆ ಬರುವಾಗ ತನ್ನ ಕೆಳಗಿನ ಗಾಳಿಯನ್ನು ಅಷ್ಟೇ ಪ್ರಮಾಣದಲ್ಲಿ ಒತ್ತುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಹೀಗೆ ಒತ್ತುತ್ತದೆ, 50 ಸಲ ಮೇಲೆದ್ದು ಎಳೆಯುತ್ತದೆ. ಒಂದೇ ಸಿಲಿಂಡರಿನ ಎಂಜಿನ್ ಆದ್ದರಿಂದ, ಒಂದು ಪಿಸ್ಟನ್ ಇಳಿದಾಗ ಇನ್ನೊಂದು ಏರಿ ಸರಿದೂಗಿಸುವ ಅನುಕೂಲವೂ ಇಲ್ಲ. ಆ ಗಾಳಿಗೆ ಹೊರಹೋಗಲು ಬಿಟ್ಟಿರುವ ದಾರಿಯೇ ಬ್ರೀದರ್. ಅದರಲ್ಲಿ ಒಂದು ಕಡೆಗೆ ಮಾತ್ರ ತೆರೆಯುವ ವಾಲ್ವು ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರು ತುಂಡು. ಡಕ್‌ಬಿಲ್ ಎಂದೇ ಅದರ ಹೆಸರು. ಪಿಸ್ಟನ್ ಇಳಿದಾಗ ತುಟಿ ತೆರೆದು ಗಾಳಿ ಹೊರಹೋಗುತ್ತದೆ. ಏರಿದಾಗ ತುಟಿ ಮುಚ್ಚಿಕೊಳ್ಳುತ್ತದೆ, ಹೊರಗಾಳಿ ಒಳಬರುವುದಿಲ್ಲ.

ಇದರ ಫಲ ಏನೆಂದು ಗಮನಿಸಿ. ವಾಲ್ವು ಚೆನ್ನಾಗಿದ್ದರೆ ಎಂಜಿನ್ ಕೇಸಿನ ಒಳಗಿನ ಒತ್ತಡ, ಸರಾಸರಿ ಲೆಕ್ಕದಲ್ಲಿ, ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಆಗ ಪ್ಯಾಕಿಂಗಿನಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಅಲ್ಲಿ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಅದೇ ರಬ್ಬರು ಬಿಸಿಲಿಗೆ, ಬಿಸಿ ಎಣ್ಣೆಗೆ ಗಡುಸಾಗಿ ತುಟಿ ಅಂಟಿಕೊಂಡರೆ, ಅಥವಾ ಪೈಪಿನಲ್ಲಿ ಕೆಸರು ಕಟ್ಟಿಕೊಂಡರೆ, ಒಳಗಿನ ಗಾಳಿ ಬೇರೆ ದಾರಿ ಹುಡುಕುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ವಿಶಲ್ಲಿನ ತೂತಿಗೆ ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ಆವಿ ಮುಚ್ಚಳದ ರಬ್ಬರಿನ ಸುತ್ತ ಬುಸುಗುಡುವುದನ್ನು ಎಲ್ಲರೂ ಕಂಡಿದ್ದೇವೆ. ಹೊಸ ರಬ್ಬರು ತಂದು ಹಾಕಿದರೆ ಅದು ನಿಲ್ಲುವುದಿಲ್ಲ, ತೂತು ಬಿಡಿಸಬೇಕು. ಎಂಜಿನ್ನಿನಲ್ಲೂ ಹೀಗೇ. ಉಸಿರು ಕಟ್ಟಿದ ಎಂಜಿನ್ನಿಗೆ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಅದು ತನ್ನ ದುರ್ಬಲ ಸಂದನ್ನು ಹುಡುಕಿಕೊಳ್ಳುತ್ತದೆ.

ಬ್ರೀದರ್ ಪರೀಕ್ಷೆಗೆ ಎರಡು ನಿಮಿಷ ಸಾಕು. ಎಂಜಿನ್ ಚಾಲು ಮಾಡಿ ಪೈಪಿನ ತುದಿಗೆ ಬೆರಳನ್ನು ಮೆಲ್ಲಗೆ ಅಡ್ಡ ಹಿಡಿಯಿರಿ. ಹೊರಕ್ಕೆ ಊದುವುದು ಗೊತ್ತಾಗಬೇಕು, ಒಳಕ್ಕೆ ಎಳೆಯುವುದು ಇರಬಾರದು. ಊದುವುದೂ ಇಲ್ಲ, ಎಳೆಯುವುದೂ ಇಲ್ಲ ಎಂದರೆ ದಾರಿ ಕಟ್ಟಿದೆ. ಎರಡೂ ಇದ್ದರೆ ವಾಲ್ವು ಮುಚ್ಚಿಕೊಳ್ಳುತ್ತಿಲ್ಲ. ಕೆಲವರು ಪೈಪನ್ನು ನೀರಿನ ಬಾಟಲಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ. ಹಾಗೆ ಮಾಡಬೇಡಿ, ವಾಲ್ವು ಕೆಟ್ಟಿದ್ದರೆ ಎಂಜಿನ್ ಆ ನೀರನ್ನೇ ಕುಡಿದುಬಿಡುತ್ತದೆ. ರಬ್ಬರು ತುಂಡಿನ ಬೆಲೆ ಅತ್ಯಲ್ಪ. ಮೊದಲು ಅದನ್ನು ಬದಲಿಸಿ, ಪೈಪು ತೊಳೆದು, ಕೆಲವು ದಿನ ಓಡಿಸಿ ನೋಡಿ. ಬ್ಲಾಕನ್ನು ಮುಟ್ಟದೆಯೇ ಸೋರಿಕೆ ನಿಂತ ಗಾಡಿಗಳನ್ನು ನಾನು ಕಂಡಿದ್ದೇನೆ.

ಉಸಿರಿನ ದಾರಿ ಸರಿಯಿದ್ದೂ ಒತ್ತಡ ಹೆಚ್ಚಿದ್ದರೆ ಪಿಸ್ಟನ್ ರಿಂಗುಗಳನ್ನು ಅನುಮಾನಿಸಬೇಕು. ಸವೆದ ರಿಂಗುಗಳ ಪಕ್ಕದಿಂದ ಉರಿದ ಅನಿಲ ಕೆಳಕ್ಕೆ ನುಗ್ಗುತ್ತದೆ. ಬ್ರೀದರ್ ಪೈಪಿನಲ್ಲಿ ಬಿಡುವಿಲ್ಲದೆ ಹೊಗೆ ಬರುವುದು ಇದರ ಗುರುತು. ಆಗ ಪ್ಯಾಕಿಂಗಿನ ಜೊತೆಗೆ ಬೋರಿನ ಅಳತೆಯೂ ಆಗಬೇಕು.

ಇನ್ನೊಂದು ಸಂಗತಿ ಈ ಬುಲೆಟ್ಟಿಗೇ ವಿಶೇಷವಾದದ್ದು. ಇದರಲ್ಲಿ ಎಣ್ಣೆಯ ಟ್ಯಾಂಕು ಎಂಜಿನ್ ಕೇಸಿನಲ್ಲೇ ಪ್ರತ್ಯೇಕ ಕೋಣೆಯಾಗಿದೆ. ಒಂದು ಪಂಪು ಅಲ್ಲಿಂದ ಎಣ್ಣೆ ಕಳಿಸುತ್ತದೆ, ಇನ್ನೊಂದು ಕ್ರ್ಯಾಂಕಿನ ಕೆಳಗೆ ಬಿದ್ದ ಎಣ್ಣೆಯನ್ನು ವಾಪಸು ತರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಪಂಪಿನ ಸಂದಿನಿಂದ ಟ್ಯಾಂಕಿನ ಎಣ್ಣೆ ಮೆಲ್ಲನೆ ಕ್ರ್ಯಾಂಕಿನ ಕೋಣೆಗೆ ಇಳಿದುಬಿಡುತ್ತದೆ. ಆಮೇಲೆ ಕಿಕ್ ಹೊಡೆದಾಗ ಕ್ರ್ಯಾಂಕು ಆ ಎಣ್ಣೆಯ ಮಡುವಿನಲ್ಲೇ ತಿರುಗುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಬ್ರೀದರಿನಲ್ಲಿ ಎಣ್ಣೆ, ಬುಡದಲ್ಲಿ ಒಸರು. ಇಷ್ಟು ಸಾಲದೆಂದು, ಕೋಲು ಅದ್ದಿ ನೋಡಿದವರು ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಕಂಡು ಇನ್ನಷ್ಟು ಸುರಿಯುತ್ತಾರೆ. ಈ ಎಂಜಿನ್ನಿನಲ್ಲಿ ಎಣ್ಣೆಯ ಮಟ್ಟ ನೋಡಬೇಕಾದದ್ದು ಸ್ವಲ್ಪ ಹೊತ್ತು ಓಡಿಸಿದ ಮೇಲೆ. ಬಹಳ ದಿನ ನಿಂತ ಗಾಡಿಯಾದರೆ ಕ್ರ್ಯಾಂಕಿನ ಕೆಳಗಿನ ಡ್ರೈನ್ ಪ್ಲಗ್ಗು ಬಿಚ್ಚಿ ಅಲ್ಲಿ ಸೇರಿದ ಎಣ್ಣೆ ಇಳಿಸಿ, ನಂತರವೇ ಚಾಲು ಮಾಡುವುದು ಕ್ಷೇಮ.

ಇಷ್ಟೆಲ್ಲ ನೋಡಿಯೂ ಬುಡ ಒಣಗಲಿಲ್ಲ ಎಂದರೆ ಈಗ ಬಿಚ್ಚೋಣ.

ಹೆಡ್ಡು ತೆಗೆಯದೆ ಬ್ಲಾಕು ಬರುವುದಿಲ್ಲ, ಆದ್ದರಿಂದ ಹೆಡ್ ಪ್ಯಾಕಿಂಗೂ ಹೊಸದು ಇಟ್ಟುಕೊಂಡೇ ಕೆಲಸಕ್ಕೆ ಕೂರಬೇಕು. ಹೆಡ್ಡು ಬಂತು, ಬ್ಲಾಕು ಅಲ್ಲಾಡುತ್ತಿಲ್ಲ ಎಂದರೆ ಬಲ ಹಾಕಬೇಡಿ. ಟ್ಯಾಪೆಟ್ ಬಾಗಿಲ ಒಳಗೆ ಬ್ಲಾಕನ್ನು ಹಿಡಿದಿರುವ ನಟ್ಟೊಂದು ಅಡಗಿದೆ. ಅದನ್ನು ಮರೆತು ಸುತ್ತಿಗೆಯಲ್ಲಿ ಹೊಡೆದು ಫಿನ್ನು ಮುರಿದವರಿದ್ದಾರೆ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳಿಯೇ ಹೋಗುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದಂತೂ ಮಹಾಪಾಪ. ಮೆತ್ತನೆಯ ಅಲ್ಯೂಮಿನಿಯಮ್ಮಿನ ಮೇಲೆ ಅದು ಮಾಡುವ ಗಾಯದಲ್ಲೇ ಮುಂದಿನ ಸೋರಿಕೆ ಶುರುವಾಗುತ್ತದೆ. ಮರದ ಸುತ್ತಿಗೆಯಿಂದ ಅಕ್ಕಪಕ್ಕ ಮೆಲ್ಲಗೆ ತಟ್ಟಿದರೆ ಸಾಕು. ಬ್ಲಾಕು ಅರ್ಧ ಎದ್ದೊಡನೆ, ಪಿಸ್ಟನ್ನಿನ ರಿಂಗುಗಳು ಹೊರಬರುವ ಮೊದಲೇ, ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಮುರಿದ ರಿಂಗಿನ ಚೂರೋ ಹಳೆಯ ಪ್ಯಾಕಿಂಗಿನ ತುಣುಕೋ ಕೆಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾದೀತು.

ಇಲ್ಲಿ ಒಂದು ಎಚ್ಚರಿಕೆ, ಮುಖ್ಯವಾಗಿ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ. ಹಳೆಯ ಕಾಲದ ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಸೇರಿಸುತ್ತಿದ್ದರು. ಒಣಗಿದ ಪ್ಯಾಕಿಂಗನ್ನು ಕೆರೆದು, ಕಂಪ್ರೆಸರ್ ಗಾಳಿ ಊದಿ ಹಾರಿಸಿದರೆ ಅದರ ನವಿರಾದ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಅದರ ಕೇಡು ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ, ಆಗ ಮದ್ದು ಕಷ್ಟ. ಆದ್ದರಿಂದ ಮೊದಲು ಒದ್ದೆ ಮಾಡಿ, ನೆನೆಯಲು ಬಿಟ್ಟು, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೆರೆಯಿರಿ. ಕೆರೆದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಾಲೀಕರು ಇದನ್ನು ಹುಡುಗರ ಇಷ್ಟಕ್ಕೆ ಬಿಡದೆ ಕಡ್ಡಾಯ ಮಾಡಬೇಕು. ಕೆರೆಯುವುದಕ್ಕೂ ಉಕ್ಕಿನ ಉಳಿ ಬೇಡ. ಹಿತ್ತಾಳೆ ಪಟ್ಟಿಯೋ ಗಟ್ಟಿ ಪ್ಲಾಸ್ಟಿಕ್ಕೋ ಸಾಕು.

ಶುಚಿಯಾದ ಮೇಲೆ ಬೆಳಕಿನಲ್ಲಿ ಆ ಮುಖವನ್ನು ಚೆನ್ನಾಗಿ ನೋಡಿ. ಬಹಳ ಕಡೆ ಕೆಲಸ ಕೆಡುವುದು ಇಲ್ಲೇ, ಏಕೆಂದರೆ ಇಲ್ಲಿ ಯಾರೂ ನಿಲ್ಲುವುದಿಲ್ಲ. ಎಂಜಿನ್ ಕೇಸು ಎರಡು ಹೋಳು ಎಂದೆನಲ್ಲ, ಆ ಎರಡೂ ಕೂಡುವ ಗೆರೆ ಬಾಯಿಯ ಮುಂಭಾಗದಲ್ಲಿ, ಹಿಂಭಾಗದಲ್ಲಿ ಪ್ಯಾಕಿಂಗಿನ ಕೆಳಗೆ ಹಾದುಹೋಗುತ್ತದೆ. ಹಿಂದೊಮ್ಮೆ ಎಂಜಿನ್ ಬಿಚ್ಚಿ ಕೂಡಿಸಿದಾಗ ಒಂದು ಹೋಳು ಇನ್ನೊಂದಕ್ಕಿಂತ ಕೂದಲಿನಷ್ಟು ಮೇಲೆ ನಿಂತಿದ್ದರೂ ಅಲ್ಲಿ ಮೆಟ್ಟಿಲು ಉಂಟಾಗುತ್ತದೆ. ಉಗುರು ಆಡಿಸಿದರೆ ಬೆರಳಿಗೆ ತಿಳಿಯುತ್ತದೆ. ಆ ಮೆಟ್ಟಿಲನ್ನು ಯಾವ ಕಾಗದವೂ ಮುಚ್ಚಲಾರದು. ಬುಡದ ಸೋರಿಕೆ ಸರಿಯಾಗಿ ನಡು ಮುಂದೆ ಅಥವಾ ನಡು ಹಿಂದೆ ಇದ್ದರೆ ಮೊದಲ ಗುಮಾನಿ ಇದರ ಮೇಲೆಯೇ. ತೀರಾ ಸಣ್ಣ ಮೆಟ್ಟಿಲಾದರೆ ಸಮತಟ್ಟಾದ ಎಣ್ಣೆಗಲ್ಲಿನಿಂದ ತಾಳ್ಮೆಯಿಂದ ಉಜ್ಜಿ ಸಮ ಮಾಡಬಹುದು. ದೊಡ್ಡದಾದರೆ ಕೇಸನ್ನೇ ಬಿಚ್ಚಿ ಸರಿಯಾಗಿ ಕೂಡಿಸಬೇಕು. ಗಿರಾಕಿಗೆ ಅದನ್ನು ತೋರಿಸಿ ಹೇಳುವ ಧೈರ್ಯ ಮೆಕ್ಯಾನಿಕ್ಕಿಗೆ ಇರಬೇಕು.

ಎರಡನೆಯ ಪರೀಕ್ಷೆ ಸ್ಟಡ್‌ಗಳ ಬುಡದ್ದು. ವರ್ಷಗಟ್ಟಲೆ ಅಳತೆಯಿಲ್ಲದೆ ಬಿಗಿದು ಬಿಗಿದು ಸ್ಟಡ್ಡಿನ ಸುತ್ತಲಿನ ಅಲ್ಯೂಮಿನಿಯಮ್ ಮೇಲಕ್ಕೆ ಎಳೆದುಕೊಂಡು ಸಣ್ಣ ದಿಬ್ಬವಾಗಿರುತ್ತದೆ. ಬ್ಲಾಕು ಆ ದಿಬ್ಬಗಳ ಮೇಲೆ ಕೂತು ಉಳಿದ ಕಡೆ ಮುಟ್ಟುವುದೇ ಇಲ್ಲ. ‘ಇನ್ನೂ ಸ್ವಲ್ಪ ಬಿಗಿ ಮಾಡಿ’ ಎಂಬ ಗಿರಾಕಿಯ ಒತ್ತಾಯ ಇಂಥ ಗಾಯಗಳನ್ನು ಹೆಚ್ಚಿಸುತ್ತದೆ. ಸ್ಟಡ್ ತೆಗೆದು ತೂತಿನ ಅಂಚನ್ನು ತುಸು ತಗ್ಗಿಸಿದರೆ ಸರಿಹೋಗುತ್ತದೆ. ತೂತಿನ ಮರೆ, ಅಂದರೆ ಥ್ರೆಡ್ಡು, ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಹೊಸ ಮರೆಯ ಒಳತೋಳು ಹಾಕಿಸಿಕೊಳ್ಳಿ. ಸ್ಟಡ್ಡಿನ ಮರೆಯ ಗುಂಟವೂ ಎಣ್ಣೆ ಮೇಲಕ್ಕೆ ಏರಿಬರಬಹುದು. ಹಾಕುವಾಗ ಅಲ್ಲಿಗೊಂದಿಷ್ಟು ಸೀಲೆಂಟ್ ಸವರಬೇಕು.

ಬ್ಲಾಕಿನ ಬುಡವನ್ನು ದಪ್ಪ ಗಾಜಿನ ಹಲಗೆಯ ಮೇಲಿಟ್ಟು, ಸಂದಿನಲ್ಲಿ ಫೀಲರ್ ಗೇಜಿನ ಅತಿ ತೆಳುವಾದ ಎಲೆ ತೂರುತ್ತದೆಯೇ ನೋಡಿ. 0.05 ಮಿಲಿಮೀಟರಿನ ಎಲೆ ಎಲ್ಲಿಯೂ ನುಗ್ಗದಿದ್ದರೆ ಚಿಂತೆಯಿಲ್ಲ. ನುಗ್ಗಿದರೆ ಅದೇ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ಬ್ಲಾಕನ್ನು ಎಂಟರ ಆಕಾರದಲ್ಲಿ ಸಮನಾಗಿ ಉಜ್ಜಬೇಕು.

ಪ್ಯಾಕಿಂಗಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಕಾಗದವನ್ನು ಕೇಸಿನ ಮೇಲೇ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿ ಕತ್ತರಿಸುವ ರೂಢಿ ನಿಲ್ಲಬೇಕು. ಪ್ರತಿ ಪೆಟ್ಟಿಗೂ ಅಂಚು ಮುಕ್ಕಾಗುತ್ತದೆ. ಒಳ್ಳೆಯ ದರ್ಜೆಯ ತಯಾರಿ ಪ್ಯಾಕಿಂಗು ಕೊಳ್ಳಿ, ಅಥವಾ ಅಚ್ಚು ಬರೆದುಕೊಂಡು ಕತ್ತರಿಯಲ್ಲಿ ಕತ್ತರಿಸಿ. ಸೋರುತ್ತದೆ ಎಂದು ಎರಡು ಪ್ಯಾಕಿಂಗ್ ಒಟ್ಟಿಗೆ ಹಾಕುವುದೂ ತಪ್ಪು: ಬ್ಲಾಕು ಮೇಲೇರಿ ಕಂಪ್ರೆಶನ್ ಇಳಿಯುತ್ತದೆ, ಸೋರಲು ಇನ್ನೊಂದು ಸಂದು ಸಿಕ್ಕಂತಾಗುತ್ತದೆ.

ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ನಡುವೆ ಈ ಕಾಗದ ಮಾಡುವ ಕೆಲಸ ಸಣ್ಣದೇನಲ್ಲ. ಬಿಸಿಯಾದಾಗ ಅಲ್ಯೂಮಿನಿಯಮ್ ಹಿಗ್ಗುವುದು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು. ತಣ್ಣಗಿನ ಸ್ಥಿತಿಯಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ, 100 ಮಿಲಿಮೀಟರ್ ಅಗಲದ ಅಲ್ಯೂಮಿನಿಯಮ್ ಸುಮಾರು 0.18 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ 0.09ರ ಆಸುಪಾಸು. ಅಂದರೆ ಪ್ರತಿಸಲ ಗಾಡಿ ಬಿಸಿಯಾಗಿ ತಣಿದಾಗಲೂ ಎರಡು ಮುಖಗಳು ಒಂದರ ಮೇಲೊಂದು ತುಸು ಜಾರುತ್ತವೆ. ಆ ಜಾರಾಟವನ್ನು ತಾಳಿಕೊಳ್ಳುವುದು ಪ್ಯಾಕಿಂಗಿನ ಪಾಲಿಗೆ ಬಂದ ಕೆಲಸ.

ಇದೇ ಕಾರಣಕ್ಕೆ ಸೀಲೆಂಟೂ ಮಿತವಾಗಿರಬೇಕು. ಗ್ಯಾರೇಜುಗಳಲ್ಲಿ ಅನಾಬಾಂಡ್ ಟ್ಯೂಬು ಹಿಂಡಿ ಹಗ್ಗದ ಹಾಗೆ ಸುತ್ತುವುದನ್ನು ನೋಡುತ್ತೇವೆ. ಹೊರಗೆ ಉಬ್ಬಿ ಬಂದದ್ದು ಕಣ್ಣಿಗೆ ಕಾಣುತ್ತದೆ. ಅಷ್ಟೇ ಒಳಗೂ ಉಬ್ಬಿರುತ್ತದೆ. ಅದು ಒಣಗಿ ಕಿತ್ತು ಬಂದು ಎಣ್ಣೆಯಲ್ಲಿ ತೇಲುತ್ತಾ ಫಿಲ್ಟರಿನಲ್ಲೋ ಪಂಪಿನ ದಾರಿಯಲ್ಲೋ ಸಿಕ್ಕಿಕೊಳ್ಳುತ್ತದೆ. ಸೋರುವ ಎಂಜಿನ್ ಇನ್ನೂ ಓಡುತ್ತದೆ, ಎಣ್ಣೆ ಸಿಗದ ಎಂಜಿನ್ ಸಾಯುತ್ತದೆ. ಎರಡೂ ಮುಖಗಳನ್ನು ಪೆಟ್ರೋಲಿನಲ್ಲಿ ಒರೆಸಿ ಜಿಡ್ಡು ಪೂರ್ತಿ ತೆಗೆದು, ಪ್ಯಾಕಿಂಗಿನ ಎರಡೂ ಬದಿಗೆ ಬೆರಳಿನಿಂದ ಪೊರೆಯಷ್ಟು ತೆಳ್ಳಗೆ ಸವರಿದರೆ ಸಾಕು. ಕೇಸಿನ ಹೋಳುಗಳು ಕೂಡುವ ಗೆರೆಯ ಮೇಲೆ ಮಾತ್ರ ಒಂದು ಹನಿ ಹೆಚ್ಚು.

ಬ್ಲಾಕು ಇಳಿಸುವಾಗ ರಿಂಗುಗಳ ಬಾಯಿ ಒಂದೇ ಸಾಲಿಗೆ ಬಾರದಂತೆ ತಿರುಗಿಸಿ, ಪಿಸ್ಟನ್ನಿಗೆ ಎಣ್ಣೆ ಸವರಿ, ಒಬ್ಬರು ರಿಂಗು ಅದುಮುತ್ತಿದ್ದರೆ ಇನ್ನೊಬ್ಬರು ಬ್ಲಾಕು ಇಳಿಸಬೇಕು. ನಟ್ಟುಗಳನ್ನು ಕರ್ಣಕ್ಕೆ ಕರ್ಣ, ಎರಡು ಮೂರು ಸುತ್ತಿನಲ್ಲಿ, ಮ್ಯಾನುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಟ್ಯಾಪೆಟ್ ಬಾಗಿಲ ಒಳಗಿನ ನಟ್ಟನ್ನು ಮರೆಯದಿರಿ. ಹೊಸ ಪ್ಯಾಕಿಂಗಿನ ದಪ್ಪ ಹಳೆಯದರ ದಪ್ಪವೇ ಇರಬೇಕೆಂದಿಲ್ಲ, ಹಾಗಾಗಿ ಪುಶ್‌ರಾಡ್‌ಗಳನ್ನು ಮತ್ತೆ ಹೊಂದಿಸಲೇಬೇಕು. ಎಂಜಿನ್ ತಣ್ಣಗಿದ್ದು ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿರುವಾಗ ಪುಶ್‌ರಾಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಹೈಡ್ರಾಲಿಕ್ ಟ್ಯಾಪೆಟ್ ಇರುವ ಹೊಸ ತಲೆಮಾರಿನ ಎಂಜಿನ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ನಮ್ಮ ಮೈಸೂರಿನ ಗಾಡಿಯ ಬಗ್ಗೆ ಹೇಳದೆ ಮುಗಿಸಿದರೆ ಕೇಳುಗರು ಸುಮ್ಮನಿರಲಾರರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ಇನ್ನೂ ರಸ್ತೆಯಲ್ಲಿವೆ. ಅವು ಟೂ ಸ್ಟ್ರೋಕ್. ಅಲ್ಲಿ ಬುಡದ ಸಂದಿನ ಸೋರಿಕೆಯ ಅರ್ಥವೇ ಬೇರೆ, ಅಪಾಯವೂ ಹೆಚ್ಚು. ಆ ಎಂಜಿನ್ನಿನಲ್ಲಿ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಗೇ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲೆ ಹೋಗುತ್ತದೆ. ಬುಡದ ಪ್ಯಾಕಿಂಗು ಬಿಟ್ಟರೆ ಪಿಸ್ಟನ್ ಏರುವಾಗ ಆ ಸಂದಿನಿಂದ ಬರೀ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನ ಜೊತೆ ಬರುವ ಎಣ್ಣೆಯ ಪಾಲೂ ಕುಗ್ಗುತ್ತದೆ. ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು, ಅದರ ತಲೆ ತೂತಾಗಲೂಬಹುದು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ರೇಸ್ ಆಗಿಯೇ ನಿಂತರೆ, ಬುಡದ ಸುತ್ತ ತೆಳುವಾಗಿ ಜಿಡ್ಡು ಕಂಡರೆ, ಗಾಡಿ ನಿಲ್ಲಿಸಿ. ಐಡ್ಲಿಂಗಿನಲ್ಲಿ ಓಡುತ್ತಿರುವಾಗ ಆ ಸಂದಿಗೆ ಬ್ರಷ್ಷಿನಿಂದ ದಪ್ಪ ಎಣ್ಣೆ ಹಚ್ಚಿ ನೋಡಿ. ಎಂಜಿನ್ನಿನ ಸದ್ದು ಬದಲಾದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಟೂ ಸ್ಟ್ರೋಕಿನಲ್ಲಿ ಪ್ಯಾಕಿಂಗಿನ ದಪ್ಪ ಬದಲಾದರೆ ಪೋರ್ಟುಗಳು ತೆರೆದು ಮುಚ್ಚುವ ಹೊತ್ತೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಇಷ್ಟನ್ನೂ ಕೇಳಿದ ಮೇಲೆ ಗಾಡಿಯ ಒಡೆಯರಲ್ಲಿ ನನ್ನದೊಂದು ಬಿನ್ನಹ. ತೊಳೆಯುವುದು, ಪುಡಿ ಉದುರಿಸಿ ನೋಡುವುದು, ಗಾಜಿನ ಮೇಲೆ ಅಳೆಯುವುದು, ಇವೆಲ್ಲ ಕೆಲಸವೇ. ಪ್ಯಾಕಿಂಗಿನ ಬೆಲೆ ಕೇಳಿ ‘ಇಷ್ಟಕ್ಕೆ ಇಷ್ಟು ಕೂಲಿಯೇ’ ಎನ್ನಬೇಡಿ. ಸಂಜೆಯೊಳಗೆ ಬೇಕೆಂದು ಮೇಸ್ತ್ರಿಯ ಬೆನ್ನು ಹತ್ತಬೇಡಿ. ಕಾರಣ ಹುಡುಕಲು ಸಮಯ ಕೊಡದಿದ್ದರೆ ಆತ ಸಂದು ಮುಚ್ಚಿ ಕಳಿಸುತ್ತಾನೆ, ಬೇರೆ ದಾರಿಯಿಲ್ಲ. ಸೋರಿಕೆ ಸಣ್ಣದೆಂದು ಮುಂದೂಡಲೂ ಬೇಡಿ. ಬುಡದಿಂದ ಗಾಳಿಗೆ ಹಾರಿದ ಎಣ್ಣೆ ಹೋಗಿ ಕೂರುವುದು ಹಿಂದಿನ ಚಕ್ರದ ಮೇಲೆ; ಮಳೆಗಾಲದಲ್ಲಿ ಘಾಟಿಯ ತಿರುವಿನಲ್ಲಿ ಅದರ ಪರಿಣಾಮ ಏನೆಂದು ವಿವರಿಸಬೇಕಿಲ್ಲ. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೂ ಮಣ್ಣಿಗೂ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬಿಯಲ್ಲಿ ಕೂಡಿಟ್ಟು, ಪರವಾನಗಿ ಇರುವ ಮರುಬಳಕೆ ಘಟಕಕ್ಕೆ ಎಣ್ಣೆ ಕಳಿಸುವ ಗ್ಯಾರೇಜಿಗೆ ಕೊಡಿ.

ಕೊನೆಯದಾಗಿ, ಕೂಡಿಸಿದ ಮೇಲಿನ ಕೆಲಸ. ಸೀಲೆಂಟ್ ಒಣಗಲು ಅದರ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಡಿ. ಮೊದಲ ಓಟ ನಿಧಾನದ್ದೂ ಚಿಕ್ಕದೂ ಆಗಿರಲಿ. ಬಂದ ಮೇಲೆ ರಾತ್ರಿಯೆಲ್ಲ ತಣಿಯಲು ಬಿಟ್ಟು, ಬೆಳಗ್ಗೆ ಹೆಡ್ಡಿನ ನಟ್ಟುಗಳನ್ನು ಅದೇ ಅಳತೆಗೆ ಮತ್ತೊಮ್ಮೆ ಬಿಗಿಯಿರಿ. ಒಮ್ಮೆ ಕಾದು ತಣಿದ ಪ್ಯಾಕಿಂಗು ತುಸು ಕುಗ್ಗಿರುತ್ತದೆ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ. ಹೀಗೆ ಬಿಗಿದಾಗಲೆಲ್ಲ ಬ್ಲಾಕೂ ಹೆಡ್ಡೂ ಕೂದಲಿನಷ್ಟು ಕೆಳಗಿಳಿದಿರುತ್ತವೆ, ಆದ್ದರಿಂದ ಟ್ಯಾಪೆಟ್ ಬಾಗಿಲು ತೆರೆದು ಪುಶ್‌ರಾಡ್‌ಗಳನ್ನು ತಿರುಗಿಸಿ ನೋಡಿ, ಗಟ್ಟಿಯಾಗಿದ್ದರೆ ಮತ್ತೆ ಹೊಂದಿಸಿಯೇ ಗಾಡಿಯನ್ನು ರಸ್ತೆಗೆ ಇಳಿಸಿ.